ಪಾಲಾದ ಮೆಮೊರಿ

ನ್ಯಾಮತಿಯಲ್ಲಿ ನಾನೂ ತಮ್ಮನೂ ಸೇರಿ ನಡೆಸುತ್ತಿದ್ದ ಲಗ್ನಪತ್ರಿಕೆ ಅಂಗಡಿ ಪಾಲಾದ ದಿನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಇದ್ದದ್ದು ಎರಡೇ ಕಂಪ್ಯೂಟರ್. ಒಂದಕ್ಕೆ ಹೊಸ ಪ್ರೊಸೆಸರ್, ಒಳಗೆ ಸಿಕ್ಕಿಸುವ ವೇಗದ ಮೆಮೊರಿ ಪಟ್ಟಿ ಎರಡು. ಇನ್ನೊಂದು ಹಳೆಯದು, ಅದರ ಎರಡು ಪಟ್ಟಿಗಳೂ ನಿಧಾನದವು. ಹೊಸದನ್ನು ದುಡಿದು ತಂದವನು ನಾನು, ಹಾಗಾಗಿ ಅದು ನನಗೇ ಬರಬೇಕೆಂದು ಹಟ ಹಿಡಿದೆ.

ಪಂಚಾಯ್ತಿಗೆ ಕೂತವರು ದೊಡ್ಡಪ್ಪ. ಅಡಿಕೆ ವ್ಯಾಪಾರದವರು, ಕಂಪ್ಯೂಟರ್ ಮುಟ್ಟಿದವರಲ್ಲ. ಎರಡರಲ್ಲೂ ಒಂದೇ ಲಗ್ನಪತ್ರಿಕೆ ತೆರೆಯಲು ಹೇಳಿ, ಬೆರಳು ಮಡಚಿ ಎಣಿಸಿದರು. ಹೊಸದು ಐದಕ್ಕೆ ತೆರೆಯಿತು, ಹಳೆಯದು ಹದಿನಾಲ್ಕಕ್ಕೆ.

"ಇಷ್ಟು ಫರಕು ಐತೆ ಅಂದ್ರೆ ಸಮಪಾಲು ಹೆಂಗಾಗ್ತೈತೆ? ಹೊಸ ಪೆಟ್ಟಿಗೆ ನೀನೇ ಇಟ್ಕೋ. ಒಳಗಿನ ಪಟ್ಟಿ ಮಾತ್ರ ಹೊಸದೊಂದು ಹಳೇದೊಂದು ಇಬ್ರಿಗೂ ಹಾಕ್ರಿ," ಎಂದರು. ಹಂಡೆ, ಕೊಡ ಹಂಚಿದಂತೆಯೇ ಹಂಚಿಬಿಟ್ಟರು.

"ದೊಡ್ಡಪ್ಪ, ವೇಗದ್ದನ್ನ ನಿಧಾನದ್ದರ ಜೊತೆ ಹಾಕಿದ್ರೆ ಎರಡೂ ನಿಧಾನನೇ ಓಡ್ತಾವೆ. ಕೆಲವು ಸಲ ನಿಂತೂ ಬಿಡ್ತಾವೆ," ಎಂದೆ.

"ಕೊಡಾಕೆ ಅಣ್ಣಂಗೆ ಮನಸ್ಸಿಲ್ಲ, ಅದಕ್ಕೆ ಕಥೆ ಕಟ್ತಾನೆ," ಎಂದ ತಮ್ಮ. ಈ ವಿಷಯ ನನಗೆ ಕಲಿಸಿಕೊಟ್ಟವನೇ ಅವನು. ಗೊತ್ತಿದ್ದೂ ಹಾಗೆಂದ. ನಾನು ಪೆಟ್ಟಿಗೆಯ ಸ್ಕ್ರೂ ಬಿಚ್ಚಿದೆ.

ಅವನು ರಸ್ತೆಯ ಆಚೆ ಬದಿಗೆ ಬೇರೆ ಅಂಗಡಿ ಹಾಕಿದ. ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಶಟರ್ ಎತ್ತುತ್ತಿದ್ದೆವು. ಅವನ ಕಂಪ್ಯೂಟರ್ ಪರದೆಗಿಂತ ಮೊದಲು ನನ್ನದಕ್ಕೆ ಬೆಳಕು ಬಂದರೆ ನನಗೆ ಅದೇ ದೊಡ್ಡ ಸಂಭ್ರಮ. ಆದರೆ ಕೆಲಸ ಮಾತ್ರ ಸಾಗುತ್ತಿರಲಿಲ್ಲ. ಒಂದು ಪತ್ರಿಕೆ ಮುಗಿಸುವಷ್ಟರಲ್ಲಿ ಕಂಪ್ಯೂಟರ್ ಎರಡು ಮೂರು ಸಲ ನಿಂತುಬಿಡುತ್ತಿತ್ತು.

ಮದುವೆಯ ಕಾಲ ಬಂತು. ನಮ್ಮ ವರ್ಷದ ಅನ್ನವೆಲ್ಲ ಈ ಎರಡು ತಿಂಗಳಲ್ಲೇ ಇರುವುದು. ಒಂದು ದಿನ ಮಗಳ ಮದುವೆಗೆ ಕನ್ನಡ, ಉರ್ದು ಎರಡರಲ್ಲೂ ಪತ್ರಿಕೆ ಬೇಕೆಂದು ಒಬ್ಬ ಸಾಹೇಬರು ವಿವರ ಬರೆದ ಚೀಟಿ ಹಿಡಿದು ಬಂದರು. ಅರ್ಧ ಟೈಪ್ ಹೊಡೆಯುವಾಗ ನನ್ನದು ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಅವರು ಬೇಸರದಿಂದ ಎದ್ದು ತಮ್ಮನ ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿಗೆ, ಅಲ್ಲೂ ಕೆಲಸವಾಗದೆ, ಅದೇ ಚೀಟಿ ಹಿಡಿದು ಹೊರಬಂದು ಹೊನ್ನಾಳಿ ಬಸ್ಸು ಹತ್ತಿದರು.

ಆಗ ತಮ್ಮ ರಸ್ತೆ ದಾಟಿ ಬಂದ. ಪಾಲಾದ ಮೇಲೆ ಅವನು ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಂಗೈಯಲ್ಲಿ ಹೊಸ ಪಟ್ಟಿ ಇತ್ತು.

"ಅಣ್ಣಾ, ಇದನ್ನ ನೀನೇ ಇಟ್ಕೋ. ನನ್ನ ಹಳೇದು ನಂಗೆ ಕೊಡು. ಇಬ್ರ ಕೆಲಸನೂ ನಡೀತೈತೆ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕೈ ಚಾಚಿದ್ದರೆ ಸಾಕಿತ್ತು.

"ದೊಡ್ಡಪ್ಪ ಮಾಡಿದ ಪಾಲು. ಮುರಿಯಾಕೆ ನಾನ್ಯಾರು?" ಎಂದೆ.

ಅವನು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ನನ್ನ ಕಂಪ್ಯೂಟರ್ ಓಡುವುದಕ್ಕಿಂತ ಅವನದು ಓಡದೆ ಇರುವುದೇ ನನಗೆ ಹೆಚ್ಚಾಗಿತ್ತು. ಆ ವರ್ಷ ಅವನ ಮದುವೆಯೂ ಆಯಿತು. ಪತ್ರಿಕೆಯನ್ನು ಹೊನ್ನಾಳಿಯಲ್ಲಿ ಮಾಡಿಸಿದ್ದ. ಅದರಲ್ಲಿ ನನ್ನ ಹೆಸರಿರಲಿಲ್ಲ.