ಹಳದಿ ತುದಿಯ ನೇಜಿ

ವೇಣೂರಿನ ಕಾಂತಿಯ ಕೈಗಳು ನಿದ್ದೆಯಲ್ಲೂ ನೇಜಿ ಕೀಳುತ್ತವೆ ಎಂದು ಗಂಡ ರುಕ್ಮಯ್ಯ ತಮಾಷೆ ಮಾಡುವುದುಂಟು. ಸುಳ್ಳೇನಲ್ಲ. ಮೂವತ್ತು ವರ್ಷ ಕಂಡವರ ಗದ್ದೆಯಲ್ಲಿ ನೇಜಿ ಎಂಬ ಭತ್ತದ ಸಸಿ ಕಿತ್ತು ನೆಟ್ಟ ಹೆಂಗಸು ಅವಳು. ಈಗ ಮೂಡುಬಿದಿರೆಯ ಹೊರಗಿನ ಒಂದು ಸಂಶೋಧನಾ ಕೇಂದ್ರದ ಹಸಿರುಮನೆಯಲ್ಲಿ ಕೆಲಸ. ಮಧ್ಯಾಹ್ನ ಗಂಜಿ ಉಂಡು ಒಳಗೆ ಬಂದರೆ ಬಿಸಿಲೂ ಹಸಿರಾಗಿ ಕಾಣುತ್ತದೆ, ಹೊಳೆಯ ನೀರಿನೊಳಗೆ ನಡೆದಾಡಿದಂತೆ. ತೀರಿಹೋದ ಅಮ್ಮ ಎಷ್ಟೋ ಸಲ ಕುಂಡಗಳ ನಡುವೆ ಬಂದು ಕೂರುತ್ತಾಳೆ. ಕಾಂತಿ ಅವಳೊಡನೆ ಮಾತಾಡುತ್ತಲೇ ನೀರು ಹಾಕುತ್ತಾಳೆ.

ಅಲ್ಲಿನ ಭತ್ತಕ್ಕೆ ನೆರೆಯಲ್ಲಿ ಮುಳುಗಿದರೂ ಕೊಳೆಯದ ಗುಣವನ್ನು ಸೇರಿಸಿದ್ದರು. ಸೇರಿತೋ ಇಲ್ಲವೋ ತಿಳಿಯಲು ಜೊತೆಗೊಂದು ಗುರುತಿನ ಜೀನ್ ಹಾಕಿದ್ದರು. ಅದಿದ್ದ ಗಿಡ ಎಲೆಯ ತುದಿಗೆ ಕಳೆ ಕೊಲ್ಲುವ ಔಷಧಿ ಹಚ್ಚಿದರೂ ಬಾಡುವುದಿಲ್ಲ. ಈಗ ಆ ಗುರುತು ಬೇಡವಾಗಿತ್ತು.

"ಮದುವೆ ಮುಗಿದ ಮೇಲೂ ದಲ್ಲಾಳಿ ಮನೆಯಲ್ಲೇ ಕೂತರೆ ಆಗ್ತದಾ ಕಾಂತಕ್ಕ?" ಎಂದಿದ್ದಳು ವಿಜ್ಞಾನಿ ರಮ್ಯಶ್ರೀ. "ಇವುಗಳ ಬೀಜದಿಂದ ಹುಟ್ಟಿದ ಕೆಲವು ಸಸಿಗಳಲ್ಲಿ ಆ ಗುರುತು ಇರುವುದಿಲ್ಲ. ಔಷಧಿ ಹಚ್ಚಿದ ತುದಿ ಹಳದಿಯಾದರೆ ಜೋಪಾನ ಮಾಡಿ, ನಮಗೆ ಬೇಕಾದ್ದು ಅದರಲ್ಲೇ ಉಂಟು."

ಗೊತ್ತಿತ್ತು. ಗೊತ್ತಿದ್ದೂ ಆ ಬುಧವಾರ ಕಾಂತಿ ಅರೆನಿದ್ದೆಯಲ್ಲಿ ಮನಸ್ಸಿನಲ್ಲೇ ಅಮ್ಮನ ಜೊತೆ ಗದ್ದೆಗೆ ಹೋಗಿಬಿಟ್ಟಿದ್ದಳು. ಹಳದಿ ಕಂಡರೆ ಕಿತ್ತು ಬಿಸಾಡು ಎಂದು ಕಲಿಸಿದವಳೇ ಆ ಅಮ್ಮ. ಕೈ ತನ್ನ ಪಾಡಿಗೆ ಹನ್ನೊಂದನೇ ತಟ್ಟೆಯ ಐದು ಹಳದಿ ಸಸಿಗಳನ್ನು ಕಿತ್ತು ಕಸದ ಚೀಲಕ್ಕೆ ಹಾಕಿತು.

ಅಷ್ಟರಲ್ಲಿ ರಮ್ಯಶ್ರೀ ಎಲೆ ಪರೀಕ್ಷೆಯ ವರದಿ ಹಿಡಿದು ಓಡಿಬಂದಳು.

"ನಾಲ್ಕು ವರ್ಷಕ್ಕೆ ಒಂದು ಸಿಕ್ಕಿತು ಕಾಂತಕ್ಕ. ನೆರೆಯ ಗುಣ ಉಂಟು, ಗುರುತು ಇಲ್ಲ. ಹನ್ನೊಂದನೇ ತಟ್ಟೆಯದ್ದು. ಬನ್ನಿ, ನೋಡುವ."

ಕಾಂತಿ ಕಸದ ಚೀಲದತ್ತ ನೋಡಿದಳು. ಇಲ್ಲಿ ಕಿತ್ತ ಗಿಡ ಗೇಟು ದಾಟುವಂತಿಲ್ಲ. ನಾಲ್ಕು ಗಂಟೆಗೆ ಚೀಲವನ್ನು ಹಬೆಯಲ್ಲಿ ಬೇಯಿಸಿಬಿಡುತ್ತಾರೆ. ಇಲಿ ತಿಂದಿತು ಎಂದರೆ ಯಾರು ಕೇಳುತ್ತಾರೆ? ನಿಜ ಹೇಳಿದರೆ ಕೆಲಸ ಹೋಗುತ್ತದೆ, ಈ ಸೊಂಟ ಹಿಡಿದುಕೊಂಡು ಮತ್ತೆ ಯಾರ ಗದ್ದೆಗೆ ಇಳಿಯುವುದು? ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ಮೇಡಂ, ನಾನೇ ಕಿತ್ತು ಹಾಕಿದ್ದು."

ರಮ್ಯಶ್ರೀ ನೆಲದ ಮೇಲೆ ಕೂತುಬಿಟ್ಟಳು. "ಸತ್ತುಹೋಯಿತಲ್ಲ" ಎಂದಳು.

"ಕಿತ್ತರೆ ನೇಜಿ ಸಾಯುವುದಿಲ್ಲ ಮೇಡಂ. ನಾವು ಇವತ್ತು ಕಿತ್ತು ಕಟ್ಟಿಟ್ಟು ನಾಳೆ ನೆಡುವುದಲ್ವಾ?"

ಹೇಳುತ್ತಲೇ ಅವಳು ಚೀಲ ಸುರುವಿದ್ದಳು. ಐದನ್ನೂ ಹುಡುಕಿ, ಕೆಸರು ಕಲಸಿ, ಮೂರು ಬೆರಳಲ್ಲಿ ಒತ್ತಿ ನೆಟ್ಟಳು. ಯಾವುದು ಆ ಒಂದು ಎಂದು ಇಬ್ಬರಿಗೂ ತಿಳಿಯದು.

ಐದೂ ಬೇರು ಹಿಡಿದವು. ಮತ್ತೆ ಪರೀಕ್ಷೆ ಮಾಡಿದಾಗ ಮೂರನೆಯದೇ ಅದು ಎಂದು ಗೊತ್ತಾಯಿತು. ನಡೆದದ್ದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆಯಲೇಬೇಕು, ಅಲ್ಲಿನ ಕ್ರಮ ಅದು. ರಮ್ಯಶ್ರೀ ಬರೆದು ಪುಸ್ತಕವನ್ನು ಕಾಂತಿಯತ್ತ ತಿರುಗಿಸಿದಳು. ಕಿತ್ತವರು: ಕಾಂತಿ. ಅದರ ಕೆಳಗೆ, ನೆಟ್ಟು ಉಳಿಸಿದವರು: ಕಾಂತಿ. ಎರಡನ್ನೂ ನಿಧಾನವಾಗಿ ಓದಿ ಅವಳು ಅತ್ತುಬಿಟ್ಟಳು.