ಅನಾನಸಿನ ಮರೆ

ನನ್ನ ದೊಡ್ಡಪ್ಪನ ಬಗ್ಗೆ ಒಳ್ಳೆಯ ಮಾತು ಬೇಕಿದ್ದವರು ಬೇರೆ ಯಾರನ್ನಾದರೂ ಕೇಳಬೇಕು. ಹಾನಗಲ್ಲಿನಲ್ಲಿ ಹೇಳುವವರು ಬೇಕಾದಷ್ಟಿದ್ದರು. ಹಣೆಯ ತುಂಬ ವಿಭೂತಿ, ಸೋಮವಾರ ಜಂಗಮರಿಗೆ ಊಟ. ಸತ್ತವರನ್ನು ಬಹುವಚನದಲ್ಲಿ ನೆನೆಯಬೇಕಂತೆ. ನನ್ನ ಕೈಲಿ ಅದು ಆಗದು.

ಅಪ್ಪ ಮತ್ತು ಅವನು ಪಾಲಾದಾಗ ಬಚ್ಚಲಮನೆ ಅವನ ಕಡೆ ಹೋಯಿತು. ಜಳಕಕ್ಕೆ ನಮಗೆ ಉಳಿದದ್ದು ಹಿತ್ತಲ ಬಾವಿಯ ಪಕ್ಕದ ಒಂದು ಕಲ್ಲು. ಅದರ ಎದುರಿಗೇ, ಅವನ ಹಿಂಬಾಗಿಲಲ್ಲಿ, ಒಂದು ಕಟ್ಟೆ. ಪಾಲಾದ ಮರುವಾರದಿಂದ ಅವನಿಗೆ ಬೆಳಗಿನ ತಂಬಾಕು ಆ ಕಟ್ಟೆಯ ಮೇಲೆಯೇ ರುಚಿಸತೊಡಗಿತು. ಅವ್ವ ಬೆಳಕು ಹರಿಯುವ ಮೊದಲೇ ಜಳಕ ಮುಗಿಸುತ್ತಿದ್ದಳು. ಯುದ್ಧದ ಕಾಲ, ಕಂದೀಲಿಗೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಒಂದು ದಿನ ಕತ್ತಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ನಾನೂ ಇನ್ನೆರಡು ವರ್ಷಕ್ಕೆ ಸೀರೆ ಉಡುವವಳು.

ಅವ್ವ ಅಪ್ಪನಿಗೆ ಹೇಳಿದರೆ, "ಅವರು ತಮ್ಮ ಕಟ್ಟಿ ಮ್ಯಾಲ ಕುಂತಾರ. ಅಣ್ಣಗ ಏನಂತ ಹೇಳ್ಲಿ?" ಎಂದ. ಅಪ್ಪನ ಮೇಲಿನ ಸಿಟ್ಟೂ ನನಗೆ ಇನ್ನೂ ಇಳಿದಿಲ್ಲ.

ಗೋಡೆ ಹಾಕೋಣವೆಂದರೆ ಪಾಲಿನ ಕಾಗದ ಅಡ್ಡ ಬಂತು. ಬಾವಿ ಇಬ್ಬರಿಗೂ ಸೇರಿದ್ದರಿಂದ ನಡುವೆ ಗೋಡೆಯಾಗಲಿ ಬೇಲಿಯಾಗಲಿ ಕಟ್ಟಕೂಡದೆಂದು ಪಂಚರು ಬರೆಸಿದ್ದರು. ಓದು ಬಾರದ ಅವ್ವ ನನ್ನಿಂದ ಅದನ್ನು ಎರಡು ಸಲ ಓದಿಸಿದಳು.

"ಕಟ್ಟಬಾರದು ಅಂತ ಐತಿ. ಹಚ್ಚಬಾರದು ಅಂತ ಐತೇನು ನೋಡು."

ಇರಲಿಲ್ಲ. ಗಿಡ ನೆಡುವುದಕ್ಕೆ ನಮ್ಮ ಕಡೆ ಹಚ್ಚುವುದು ಎನ್ನುತ್ತಾರೆ.

ಆಡೂರಿನ ತವರಿನಿಂದ ಚಕ್ಕಡಿಯಲ್ಲಿ ಅನಾನಸಿನ ಮರಿಗಳನ್ನು ತರಿಸಿದಳು. ಕಲ್ಲಿಗೂ ಕಟ್ಟೆಗೂ ನಡುವೆ ಮೊಣಕಾಲೆತ್ತರ ಮಣ್ಣು ಏರಿಸಿ, ಎರಡು ಸಾಲಾಗಿ ಒತ್ತೊತ್ತಾಗಿ ಇಟ್ಟಳು. ಎಲೆಯ ಅಂಚು ಗರಗಸದ ಹಾಗೆ. ನಮ್ಮಿಬ್ಬರ ಮೊಣಕೈತನಕ ಗೀರು. ದೊಡ್ಡಪ್ಪನ ಹೆಂಡತಿ ಕೊಡ ಹಿಡಿದು ಬಂದು ನಿಂತಳು.

"ಏನ ಹಚ್ಚಾಕತ್ತೀ?"

"ಅನಾನಸ ಹಚ್ಚಾಕತ್ತೇನ್ರಿ, ಅಕ್ಕಾರ."

"ಹಚ್ಚೂದು ನಿನಗ ಹೊಸಾದಲ್ಲ ಬಿಡು. ಅಣ್ಣತಮ್ಮರ ನಡುವ ಹಚ್ಚಿದಾಕಿನೂ ನೀನ."

ಅವ್ವ ಮಣ್ಣು ಒತ್ತುತ್ತ ಕೂತಳು.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಗಳು ಹೆಣೆದುಕೊಂಡವು. ಆ ಮನೆಯವರೆಲ್ಲ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ಅವ್ವ ನನ್ನನ್ನು ಜಳಕದ ಕಲ್ಲಿನ ಮೇಲೆ ಕೂಡಿಸಿ, ತಾನು ದೊಡ್ಡಪ್ಪನ ಕಟ್ಟೆಯ ಮೇಲೆ ಕೂತು ನೋಡಿದಳು. "ನಿನ್ನ ತಲೀನೂ ಕಾಣವಲ್ದು," ಎಂದು ನಕ್ಕಳು.

ಮರುದಿನ ಬಿಸಿಲು ಬಂದ ಮೇಲೆ ಜಳಕಕ್ಕೆ ಹೋದಳು. ನಾನು ಒಣ ಸೀರೆ ಹಿಡಿದು ಪಕ್ಕದಲ್ಲಿದ್ದೆ. ದೊಡ್ಡಪ್ಪ ಬಂದ, ಕೂತ, ಅಂಗೈಯಲ್ಲಿ ತಂಬಾಕು ತಿಕ್ಕಿದ. ಆಮೇಲೆ ಎದ್ದು ನಿಂತ. ನಾವು ಅಳತೆ ನೋಡಿದ್ದು ಕೂತವನಿಗೆ.

ದೊಡ್ಡವ್ವ ನೀರು ಸೇದುತ್ತಿದ್ದವಳು ಹಗ್ಗ ಎಳೆಯುವುದನ್ನು ನಿಲ್ಲಿಸಿದಳು. ಅಲ್ಲಿಯವರೆಗೆ ಅವಳ ಗಂಡ ತನ್ನ ಕಟ್ಟೆಯ ಮೇಲೆ ಕೂತವನು, ಅಷ್ಟೆ. ಈಗ ಅನಾನಸಿನ ಮೇಲಿಂದ ಕತ್ತು ಚಾಚಿದ್ದ.

ಗಂಡನ ಅಣ್ಣನೊಡನೆ ಹೆಂಗಸರು ಮಾತಾಡುವ ರೂಢಿ ನಮ್ಮ ಮನೆತನದಲ್ಲಿರಲಿಲ್ಲ. ಮದುವೆಯಾದಾಗಿನಿಂದ ಅವ್ವ ಅವನೆದುರು ಸೆರಗು ಎಳೆದುಕೊಂಡು ಸರಿದವಳೇ ಹೊರತು ಒಂದು ಮಾತು ಆಡಿದವಳಲ್ಲ. ಆ ದಿನ ಒದ್ದೆ ಸೀರೆಯನ್ನು ಭುಜಕ್ಕೆ ಸುತ್ತಿಕೊಂಡು ಎದ್ದು ನಿಂತು, ಬರಿದಲೆಯಲ್ಲೇ ಅವನ ಮುಖ ನೋಡಿದಳು.

"ಕುಂದರ್ರಿ, ಭಾವಾರ."

ಅವನು ಕೂತ.

ಮಧ್ಯಾಹ್ನ ದೊಡ್ಡವ್ವ ಆ ಕಟ್ಟೆಯ ತುಂಬ ಸಗಣಿಯ ಕುಳ್ಳು ಒಟ್ಟಿದಳು, ಕೂಡಲು ಗೇಣು ಜಾಗ ಉಳಿಯದಂತೆ. ನಮ್ಮ ಮೇಲಿನ ಮುನಿಸನ್ನೇನೂ ಬಿಡಲಿಲ್ಲ.

ಸಂಜೆ ಊಟಕ್ಕೆ ಕೂತ ಅಪ್ಪ ರೊಟ್ಟಿ ಮುರಿಯಲಿಲ್ಲ. "ಅಣ್ಣನ ಕೂಡ ಮಾತಾಡಿದ್ಯಂತ?" ಎಂದ.

"ಹೌದ್ರಿ," ಎಂದಳು ಅವ್ವ, ಪಲ್ಯ ಬಡಿಸುತ್ತ. "ನೀವು ಆಡಲಿಲ್ಲಲ್ಲ."