ಬದುವಿಗೆ ಎಸೆದ ಪೈರು

ಕಳೆದ ವಾರ ನರಸೀಪುರದಿಂದ ಹೊರಟ ನಮ್ಮ ಬಸ್ಸು ಹೆಮ್ಮಿಗೆಯ ಹತ್ತಿರ ಪಂಕ್ಚರ್ ಆಗಿ ನಿಂತಿತು. ಕಂಡಕ್ಟರು ಅರ್ಧ ಗಂಟೆ ಎಂದರು. ಕಂಡಕ್ಟರುಗಳ ಅರ್ಧ ಗಂಟೆ ಎಷ್ಟು ಉದ್ದವೆಂಬುದು ನಿಮಗೂ ಗೊತ್ತಿದ್ದೀತು. ಇಳಿದು ನಿಂತೆ. ರಸ್ತೆ ಪಕ್ಕದ ಗದ್ದೆಯಲ್ಲಿ ಹೆಂಗಸರು ನಾಟಿಗಾಗಿ ಒಟ್ಲಿನಿಂದ, ಅಂದರೆ ಸಸಿಮಡಿಯಿಂದ, ಭತ್ತದ ಪೈರು ಕೀಳುತ್ತಿದ್ದರು. ಕೆಸರಿನ ವಾಸನೆ, ಹಸಿ ಬೇರಿನ ವಾಸನೆ. ಬದುವಿನ ಮೇಲೆ ಯಾರೋ ಎಸೆದ ಒಂದು ಹಿಡಿ ಪೈರು ಬಿದ್ದಿತ್ತು. ಉಳಿದದ್ದಕ್ಕಿಂತ ಒಂದು ಗೇಣು ಉದ್ದ, ತೆಳ್ಳಗೆ, ಬಿಳಿಚಿಕೊಂಡಿತ್ತು. ನೋಡಿದೊಡನೆ ನನ್ನ ಕಿವಿ ಬಿಸಿಯಾಯಿತು.

ಯಾಕೆಂದು ಹೇಳುತ್ತೇನೆ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು.

ತೊಂಬತ್ತರ ದಶಕದಲ್ಲಿ ನಾನು ಈ ಸೀಮೆಗೆ ಕೃಷಿ ಸಹಾಯಕನಾಗಿ ಬಂದೆ. ನನ್ನೂರು ನಂಜನಗೂಡು, ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಭತ್ತವನ್ನು ನಾನು ಹತ್ತಿರದಿಂದ ಕಂಡದ್ದು ತಟ್ಟೆಯಲ್ಲಿ, ಅದೂ ಅನ್ನವಾದ ಮೇಲೆ. ಒಂದು ಸರ್ಟಿಫಿಕೇಟು, ಎರಡು ಇಸ್ತ್ರಿ ಪ್ಯಾಂಟು, ಆರಡಿ ಎತ್ತರದ ಕಡ್ಡಿ ದೇಹ, ಇಷ್ಟೇ ನನ್ನ ಬಂಡವಾಳ. "ಗಾಳಿ ಬಂದ್ರೆ ಮರ ಇಡ್ಕಳಿ ಸಾ" ಎಂದು ನಾಟಿ ಹೆಂಗಸರು ನಗುತ್ತಿದ್ದರು. ಅದನ್ನು ಗೌರವವೆಂದೇ ನಾನು ತಿಳಿದಿದ್ದೆ.

ಆ ವರ್ಷ ಊರವರಿಗೆಲ್ಲ ತೋರಿಸುವಂಥ ಒಂದು ಮಾದರಿ ತಾಕನ್ನು ಬೆಳೆಸಬೇಕೆಂದು ಕಚೇರಿಯಿಂದ ಆದೇಶ ಬಂತು. ಒಳ್ಳೆಯ ಪೈರು ಹುಡುಕುತ್ತ ಹೋದೆ. ನಾಟಿ ಗುಂಪಿನ ಮುಂದಾಳು ಪುಟ್ಟಮ್ಮ ಒಟ್ಲಿನಲ್ಲಿ ಬಗ್ಗಿ, ತಲೆಯಿಂದ ಪೇನು ಹೆಕ್ಕಿದ ಹಾಗೆ, ಎತ್ತರದ ಪೈರನ್ನೇ ಹೆಕ್ಕಿ ಬದುವಿಗೆ ಎಸೆಯುತ್ತಿದ್ದರು.

"ಏನಮ್ಮ ಇದು, ಚೆನ್ನಾಗಿ ಬೆಳೆದದ್ದನ್ನೇ ಎಸೀತೀರಲ್ಲ?" ಎಂದೆ.

"ಅವು ಎತ್ತ್ರಕ್ ಓಯ್ತವೆ ಸಾ, ಮನೆಗ್ ಬರಕಿಲ್ಲ."

"ಯಾಕೆ ಬರಲ್ಲ?"

"ಅದ್ಯಾಕೋ ನಂಗೊತ್ತಿಲ್ಲ. ನಮ್ಮತ್ತೆ ಒಗೀತಿದ್ರು, ನಾವೂ ಒಗೀತೀವಿ."

ಕಾರಣ ಹೇಳಲಾಗದ್ದು ಜ್ಞಾನವೇ ಅಲ್ಲವೆಂದು ನಾನು ಕಾಲೇಜಿನಲ್ಲಿ ಕಲಿತು ಬಂದಿದ್ದೆ. ಬದುವಿನ ಮೇಲೆ ನಿಂತು ತಳಿ ಆಯ್ಕೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಊರಿನ ಒಟ್ಲುಗಳನ್ನೆಲ್ಲ ಸುತ್ತಿ, ಎಸೆದ ಪೈರನ್ನು ಆಯ್ದು ಕಟ್ಟು ಕಟ್ಟಿಸಿದೆ. ನೆಡಲು ಜಾಗವೂ ಬೇಕಲ್ಲ, ನಾಲೆಯ ಕೆಳಗೆ ಪುಟ್ಟಮ್ಮನವರಿಗೆ ಐದು ಗುಂಟೆ ಇತ್ತು. ಅಲ್ಲಿ ಬೆಳೆದದ್ದರಲ್ಲಿ ಅವರೂ ಅವರ ಮಗಳೂ ನಾಲ್ಕು ತಿಂಗಳು ಉಣ್ಣುತ್ತಿದ್ದರು.

"ನಮ್ ಉಣ್ಣೋದು ಅದ್ರಲ್ಲೇ ಅದೆ ಸಾ," ಎಂದು ಅವರು ಹಿಂದೆಮುಂದೆ ನೋಡಿದರು.

"ನಾನಿದ್ದೀನಲ್ಲ," ಎಂದೆ. ಇದ್ದೆ ನಿಜ, ತೊಂದರೆಯಾದದ್ದೇ ಅದರಿಂದ.

ಮೊದಮೊದಲು ಆ ತಾಕು ಸುತ್ತಲಿನ ಗದ್ದೆಗಳಿಗಿಂತ ತಲೆ ಎತ್ತಿ ನಿಂತಿತು. ಸೈಕಲ್ ಮೇಲೆ ಹೋಗಿ ಸಿಕ್ಕಸಿಕ್ಕವರನ್ನು ಕರೆತಂದು ತೋರಿಸಿದೆ. ಆಮೇಲೆ ಒಂದೊಂದೇ ಬುಡ ಒಣಗತೊಡಗಿತು. ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ಬೂಷ್ಟು. ಉಳಿದದ್ದು ತೆನೆ ಬಿಟ್ಟಿತು, ತೆನೆಯ ತುಂಬ ಜೊಳ್ಳು.

ಮೇಲಿನವರು ವರದಿ ಕೇಳಿದರು. "ರೈತ ಮಹಿಳೆಯು ಬೀಜೋಪಚಾರ ಮಾಡದ ಕಾರಣ ಬೆಳೆ ಹಾಳಾಗಿದೆ" ಎಂದು ಬರೆದೆ. ಕೆಳಗೆ ಪುಟ್ಟಮ್ಮನವರ ಹೆಬ್ಬೆಟ್ಟು ಬೇಕಿತ್ತು. ಎದುರಿಗೆ ಕೂತು ಒತ್ತಿಸಿಕೊಳ್ಳುವ ಧೈರ್ಯವಿಲ್ಲದೆ ಕಾಗದವನ್ನೂ ಮಸಿ ಡಬ್ಬಿಯನ್ನೂ ಅವರ ಜಗಲಿಯ ಮೇಲಿಟ್ಟು ಬಂದೆ. ಮಾರನೆಯ ದಿನ ಹೋದಾಗ ಹೆಬ್ಬೆಟ್ಟು ಬಿದ್ದಿತ್ತು. ಓದು ಬಾರದವರು, ಏನೆಂದು ತಿಳಿಯದೆ ಒತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ದಿನದಲ್ಲೇ ವರ್ಗ ಕೇಳಿ ಪಡೆದೆ.

ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಗೋಡೆಯ ಮೇಲೆ ಅದೇ ಬಿಳಿಚಿದ ಪೈರಿನ ಚಿತ್ರ ಬಿತ್ತು. ಬೆಳೆಯಲು ಗಿಡ ತಾನೇ ಹಿತಮಿತವಾಗಿ ಮಾಡಿಕೊಳ್ಳುವ ಹಾರ್ಮೋನನ್ನು ಒಂದು ಶಿಲೀಂಧ್ರ ಒಳಹೊಕ್ಕು ಬೇಕಾಬಿಟ್ಟಿ ಸುರಿಯುತ್ತದಂತೆ. ಗಿಡ ಎಳೆದಂತೆ ಉದ್ದವಾಗುತ್ತದೆ. ರೋಗ ತಡೆಯುವ ಹಾರ್ಮೋನು ಬೇರೆಯೇ ಇದೆ, ಬೆಳೆಸುವುದರ ಕೈ ಮೇಲಾದರೆ ಕಾಯುವುದು ಮೂಲೆ ಸೇರುತ್ತದೆ. ಜಪಾನಿನ ರೈತರು ಇದನ್ನು ಪೆದ್ದು ಸಸಿ ಎಂದು ಕರೆಯುತ್ತಾರೆ ಎಂದಾಗ ಎಲ್ಲರೂ ನಕ್ಕರು. ಯಾರೋ ನನ್ನ ಹೆಸರು ಹಿಡಿದು ಕೂಗಿದಂತಾಗಿ ನಾನು ತಲೆ ತಗ್ಗಿಸಿದೆ.

ಇತ್ತ ನಮ್ಮ ಬಸ್ಸು ಇನ್ನೂ ನಿಂತೇ ಇತ್ತು. ಬದುವಿನ ಮೇಲೆ ಕೂತು ಪೈರಿನ ಕಟ್ಟು ಕಟ್ಟುತ್ತಿದ್ದ ನರೆಗೂದಲಿನ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಮ್ ಉದ್ದನ್ ಸಾ ಅಲ್ವಾ?"

ಪುಟ್ಟಮ್ಮ. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಆ ಕಾಗದದಲ್ಲಿ ಏನು ಬರೆದಿದ್ದೆನೆಂದು ಹೇಳಿಬಿಟ್ಟೆ. ತಪ್ಪು ನನ್ನದು, ಹೊರಿಸಿದ್ದು ನಿಮ್ಮ ಮೇಲೆ ಎಂದೆ. ಅವರ ಕೈ ಕಟ್ಟು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣ್ ಸಾ. ಅವತ್ತೇ ಸ್ಕೂಲ್ ಮೇಷ್ಟ್ರತ್ರ ಓದ್ಸಿದ್ದೆ."

"ಓದಿಸಿಯೂ ಒತ್ತಿದಿರಾ?"

"ಒತ್ನಿಲ್ಲ ಅಂದ್ರೆ ನಿಮ್ ಕೆಲ್ಸಕ್ಕೇ ಸಂಚ್ಕಾರ ಅಂದ್ರು ಮೇಷ್ಟ್ರು. ನಾವು ಎಂಗೋ ಇನ್ನಷ್ಟ್ ದಿನ ಕೂಲಿಗೋಗಿ ಉಂಡೋ. ನೀವು ಎಳೇ ಪೈರು ಸಾ. ಕಿತ್ ಒಗ್ಯಕ್ ಮನ್ಸ್ ಬರ್ನಿಲ್ಲ."

ಕಂಡಕ್ಟರು ಸೀಟಿ ಊದಿದರು. ನಾನು ಏಳಲಿಲ್ಲ. ಬಸ್ಸು ಹೋದ ಮೇಲೆ ಪ್ಯಾಂಟು ಮಡಚಿ ಒಟ್ಲಿಗೆ ಇಳಿದೆ. ನನ್ನಷ್ಟು ಎತ್ತರದವನಿಗೆ ಬಗ್ಗುವುದು ಕಷ್ಟ. ಬಗ್ಗಿದೆ.